ಬಣ್ಣವು ಎಷ್ಟು ಗಟ್ಟಿಯಾಗಿ ಅಂಟಿದೆ?

ಕಿಟಕಿಯ ಕಂಬಿಗೆ ಬಳಿದ ಬಣ್ಣವು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದುಬರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ಉಗುರಿನಿಂದ ಎತ್ತಿದರೆ ಕೆಳಗೆ ತುಕ್ಕು ಕಾಣಿಸುತ್ತದೆ. ಮನೆಯ ಕಂಬಿಯಲ್ಲಿ ಇದು ಕೇವಲ ಅಂದಗೇಡು. ಸೇತುವೆಯ ತೊಲೆಯಲ್ಲಿಯೋ ಹಡಗಿನ ತಳದಲ್ಲಿಯೋ ಹೀಗಾದರೆ ಲೋಹವು ಮರೆಯಲ್ಲಿಯೇ ಸವೆದು ಅಪಾಯಕ್ಕೆ ಎಡೆಯಾಗುವುದು. ಬಳಿದ ದಿನ ಎಲ್ಲ ಬಣ್ಣವೂ ಹೊಳೆಯುತ್ತದೆ. ಅದು ನಿಜವಾಗಿ ಅಂಟಿದೆಯೇ ಎಂಬುದನ್ನು ಮುಂಚಿತವಾಗಿ ತಿಳಿಯುವುದು ಹೇಗೆ?

ಲೇಪದ ಅಣುಗಳಿಗೂ ಲೋಹದ ಮೇಲ್ಮೈಗೂ ನಡುವಣ ಆಕರ್ಷಣೆಯೇ ಅಂಟುಬಲ. ಲೇಪದ ಅಣುಗಳು ಒಂದನ್ನೊಂದು ಹಿಡಿದಿರುವ ಬಲವೇ ಸಂಸಕ್ತಿ. ಅಂಟುಬಲವು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ಸಮೀಪದಲ್ಲಿ ಮಾತ್ರ ಪ್ರಬಲವಾಗಿರುತ್ತದೆ. ಆದುದರಿಂದ ಕಣ್ಣಿಗೆ ಕಾಣದ ಎಣ್ಣೆಯ ಪೊರೆಯೊಂದು ನಡುವೆ ಇದ್ದರೂ ಸಾಕು, ಬಣ್ಣವು ಲೋಹವನ್ನು ಮುಟ್ಟಿಯೂ ಮುಟ್ಟದಂತಾಗುವುದು.

ಅತ್ಯಂತ ಸರಳವಾದ ಪರೀಕ್ಷೆಗೆ ಹರಿತವಾದ ಅಲಗು ಮತ್ತು ಅಂಟುಪಟ್ಟಿ ಸಾಕು. ಲೇಪವನ್ನು ಲೋಹದವರೆಗೂ ಸೀಳುವಂತೆ 6 ಗೆರೆಗಳನ್ನೂ, ಅವುಗಳಿಗೆ ಅಡ್ಡಲಾಗಿ ಮತ್ತೆ 6 ಗೆರೆಗಳನ್ನೂ ಕೊಯ್ಯಬೇಕು. ಆಗ 25 ಚೌಕಗಳು ದೊರೆಯುತ್ತವೆ. ಲೋಹದ ಮೇಲಿನ ಲೇಪವು 60 ಮೈಕ್ರಾನ್‌ಗಿಂತ ತೆಳುವಾಗಿದ್ದರೆ ಗೆರೆಗಳ ಅಂತರ 1 ಮಿ.ಮೀ. ಇರಬೇಕು. ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ ಎಳೆದಾಗ ಎಷ್ಟು ಲೇಪವು ಕಿತ್ತುಬಂದಿತೆಂಬುದನ್ನು ನೋಡಿ ದರ್ಜೆ ಕೊಡುತ್ತಾರೆ. ಅಂತರರಾಷ್ಟ್ರೀಯ ಮಾನಕದಲ್ಲಿ 0 ಎಂದರೆ ಏನೂ ಏಳಲಿಲ್ಲವೆಂದರ್ಥ. 5 ಅತಿ ಕೆಟ್ಟದ್ದು. ಅಮೆರಿಕದ ಮಾನಕದಲ್ಲಿ ಕ್ರಮವು ತಿರುವುಮುರುವು. ಅಲ್ಲಿ 5 ಉತ್ತಮ. ಯಾವ ಮಾನಕವೆಂದು ತಿಳಿಯದೆ ಅಂಕಿಯನ್ನು ಓದಬಾರದು.

ಬಲವನ್ನು ಅಳೆಯಬೇಕಾದಲ್ಲಿ ಎರಡನೆಯ ವಿಧಾನವುಂಟು. 20 ಮಿ.ಮೀ. ವ್ಯಾಸದ ಲೋಹದ ಗುಂಡಿಯೊಂದನ್ನು ಲೇಪದ ಮೇಲೆ ಬಲವಾದ ಅಂಟಿನಿಂದ ಕೂರಿಸಿ, ಅದು ಕಿತ್ತುಬರುವವರೆಗೆ ಉಪಕರಣದಿಂದ ನೇರವಾಗಿ ಎಳೆಯುತ್ತಾರೆ. ಗುಂಡಿಯ ವಿಸ್ತೀರ್ಣ ಸುಮಾರು 314 ಚದರ ಮಿ.ಮೀ. ಪ್ರತಿ ಚದರ ಮಿ.ಮೀ.ಗೆ 5 ನ್ಯೂಟನ್ ತಡೆಯುವ ಲೇಪವಾದರೆ ಒಟ್ಟು ಬಲ 1570 ನ್ಯೂಟನ್; ಎಂದರೆ ಸುಮಾರು 160 ಕಿಲೋಗ್ರಾಂ ತೂಕ! ನಾಣ್ಯದಷ್ಟು ಬಣ್ಣವು ಇಬ್ಬರು ದೃಢಕಾಯರನ್ನು ಹೊರಬಲ್ಲುದೆಂದಾಯಿತು.

ಆದರೆ ಅಂಕಿಗಿಂತಲೂ ಮುಖ್ಯವಾದುದು, ಅದು ಎಲ್ಲಿ ಬಿಟ್ಟಿತೆಂಬ ಪ್ರಶ್ನೆ. ಲೋಹವು ಬತ್ತಲೆಯಾಗಿ ಕಂಡರೆ ಸೋತದ್ದು ಅಂಟುಬಲ. ಆಗ ಮೇಲ್ಮೈಯ ಸಿದ್ಧತೆಯನ್ನು ಮೊದಲು ಶಂಕಿಸಬೇಕು. ಲೇಪವೇ ನಡುವೆ ಹರಿದು ಎರಡು ಕಡೆಯೂ ಉಳಿದಿದ್ದರೆ ಸೋತದ್ದು ಸಂಸಕ್ತಿ. ದೋಷವನ್ನು ಬಣ್ಣದಲ್ಲಿ ಅಥವಾ ಅದು ಒಣಗಿದ ರೀತಿಯಲ್ಲಿ ಹುಡುಕಬೇಕು. ಗುಂಡಿಯ ಅಂಟೇ ಬಿಟ್ಟಿದ್ದರೆ ಲೇಪವು ಅಷ್ಟು ಬಲವನ್ನು ತಡೆಯಿತೆಂದಷ್ಟೇ ಹೇಳಬಹುದು.

ವಿದ್ಯಾರ್ಥಿಗಳು ಇದನ್ನು ಸ್ವತಃ ಮಾಡಿ ನೋಡಬಹುದು. ಎರಡು ತಗಡುಗಳಲ್ಲಿ ಒಂದನ್ನು ಸಾಬೂನಿನಿಂದ ತೊಳೆದು, ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಪುಡಿಯನ್ನು ಒರೆಸಿರಿ; ಇನ್ನೊಂದಕ್ಕೆ ಕೊಬ್ಬರಿ ಎಣ್ಣೆಯ ಕೈ ಸವರಿರಿ. ಎರಡಕ್ಕೂ ಒಂದೇ ಡಬ್ಬಿಯ ಬಣ್ಣವನ್ನು ಬಳಿದು, ವಾರ ಕಳೆದ ಮೇಲೆ, ಕೈ ಜೋಪಾನವಾಗಿಟ್ಟು ಚೌಕಗಳನ್ನು ಕೊಯ್ದು ಪರೀಕ್ಷಿಸಿರಿ. ಬಣ್ಣ ಒಂದೇ, ಕುಂಚ ಒಂದೇ. ಫಲದಲ್ಲಿ ವ್ಯತ್ಯಾಸ ಕಂಡರೆ ಅದಕ್ಕೆ ಕಾರಣ ಬಳಿಯುವುದಕ್ಕೆ ಮೊದಲು ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸ. ಬಣ್ಣದ ಆಯುಸ್ಸು ಡಬ್ಬಿಯನ್ನು ತೆರೆಯುವ ಮೊದಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.