ಕೊನೆಯ ಸ್ಥಾನದಲ್ಲಿ ಕಮಲಾಪುರ

2025ರ ಏಪ್ರಿಲ್ ಮೊದಲ ವಾರದಲ್ಲಿ ಐ-ಲೀಗ್ ಫುಟ್‌ಬಾಲ್ ಮುಗಿಯಿತು. ಎಸ್‌ಸಿ ಬೆಂಗಳೂರು ಮತ್ತು ದೆಹಲಿ ಎಫ್‌ಸಿ ಹಿಂಬಡ್ತಿ ಪಡೆದು ಐ-ಲೀಗ್ 2ಕ್ಕೆ ಇಳಿದವು. ಕಲಬುರಗಿಯಲ್ಲಿ ಇದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಐಪಿಎಲ್ ಶುರುವಾಗಿತ್ತು, ಬಿಸಿಲೂ ಏರತೊಡಗಿತ್ತು. ಆದರೆ ಕಮಲಾಪುರದ ನನ್ನ ಹುಡುಗರು ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದರು. ಇಡೀ ಸೀಸನ್ನನ್ನು ಅವರು ಒಂದೇ ಮೊಬೈಲಿನ ಸುತ್ತ ಮುಗಿಬಿದ್ದು ನೋಡಿದ್ದರು.

ನನ್ನ ಮನೆ ಕಲಬುರಗಿಯಲ್ಲಿ, ಕೆಲಸ ಕಮಲಾಪುರದ ಕಡೆ. ದೈಹಿಕ ಶಿಕ್ಷಕ, ಊರವರ ಬಾಯಲ್ಲಿ ಪಿಟಿ ಸರ್. ಸಂಜೆ ಹುಡುಗರಿಗೆ ಫುಟ್‌ಬಾಲ್ ಆಡಿಸಿ, ಹುಮನಾಬಾದ್ ಕಡೆಯಿಂದ ಬರುವ ಬಸ್ ಹಿಡಿದು ಮನೆಗೆ ಬರುತ್ತೇನೆ. ಐ-ಲೀಗ್ ತೋರಿಸತೊಡಗಿದ ಹೊಸತರಲ್ಲಿ ಒಬ್ಬ ಹುಡುಗ ಕೇಳಿದ: "ಹೋದ ವಾರ ಸೋತಿದ್ರಲ್ರಿ ಸರ, ಮತ್ಯಾಕ ಆಡ್ಲಾಕತ್ಯಾರ?"

ಉಳಿದವರು ನಗಲಿಲ್ಲ. ಅವರ ತಲೆಯಲ್ಲೂ ಅದೇ ಪ್ರಶ್ನೆ ಇತ್ತು. ಶಿಕ್ಷಣ ಇಲಾಖೆಯ ಕ್ರೀಡಾಕೂಟ ಎಂದರೆ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಯಾವ ಹಂತದಲ್ಲಿ ಸೋತರೂ ಅಲ್ಲಿಗೇ ಮುಗಿಯಿತು. ಕಪ್ಪು, ನಗದು ಬಹುಮಾನ ಇಟ್ಟು ನಡೆಸುವ ಟೂರ್ನಮೆಂಟುಗಳಲ್ಲಿ ನಾನು ಆಡಿದವೂ ಆಡಿಸಿದವೂ ಎಲ್ಲ ನಾಕೌಟ್. ಬೆಳಿಗ್ಗೆ ಟೆಂಪೋದಲ್ಲಿ ಹಾಡು ಹಾಕಿಕೊಂಡು ಹೋದ ತಂಡ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತದೆ. ಆ ಒಂದು ಮ್ಯಾಚ್ ಗೆಲ್ಲಲೇಬೇಕಾದ್ದರಿಂದ ಮಾಸ್ತರನೂ ಗಟ್ಟಿಮುಟ್ಟಾದ ಹುಡುಗರನ್ನೇ ಇಳಿಸುತ್ತಾನೆ. ಕಾಲಲ್ಲಿ ಕಲೆ ಇದ್ದರೂ ಮೈಯಲ್ಲಿ ಸಣ್ಣವನು ವರ್ಷವಿಡೀ ನೀರಿನ ಬಾಟಲಿ ಹೊತ್ತೇ ಇರುತ್ತಾನೆ. ಗೋಲಿ ಒಂದು ಚೆಂಡು ಬಿಟ್ಟನೆಂದರೆ ಮುಂದಿನ ವರ್ಷದ ತನಕ ಅದೇ ಮಾತು ಕೇಳಬೇಕು. ಅದನ್ನು ಅಳಿಸಿಹಾಕಲು ಮುಂದಿನ ವಾರ ಎಂಬುದೇ ಅವನಿಗಿಲ್ಲ.

ಆ ವರ್ಷ ಐ-ಲೀಗ್‌ನಲ್ಲಿ 12 ತಂಡಗಳಿದ್ದವು, ತಲಾ 22 ಪಂದ್ಯ. ಶ್ರೀನಗರ, ಐಜ್ವಾಲ್, ಶಿಲ್ಲಾಂಗ್, ಗೋವಾ, ಕೋಯಿಕ್ಕೋಡ್ ಎಂದು ಬೆಂಗಳೂರು ಹುಡುಗರು ದೇಶ ಸುತ್ತಿದರು. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿನ ಶ್ರೀನಿಧಿ ಡೆಕ್ಕನ್ ಅಂಗಳದಲ್ಲಿ ಎಸ್‌ಸಿ ಬೆಂಗಳೂರು ಆಟ ಇದ್ದಾಗ ಜೀಪು ಮಾಡಿ ಹೋಗುವ ಮಾತೂ ಆಯಿತು. ಮನೆಯವರು ಮೊದಲು ತೊಗರಿ ಅಂದರು. ಮಾತು ಅಲ್ಲಿಗೇ ನಿಂತಿತು.

ಹಿಂಬಡ್ತಿ ಎಂದರೇನು ಎಂದು ವಿವರಿಸಲು ನನಗೆ ಅನುಕೂಲಕ್ಕೆ ಬಂದದ್ದು ಡೆಂಪೊ. ಗೋವಾದ ಆ ಕ್ಲಬ್ 2011-12ರಲ್ಲಿ ಐ-ಲೀಗ್ ಚಾಂಪಿಯನ್. ಅದೇ ಸೀಸನ್ನಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯ ತಂಡ ಎಚ್‌ಎಎಲ್ ಕೆಳಕ್ಕೆ ಇಳಿದಿತ್ತು. ಮೂರೇ ವರ್ಷಕ್ಕೆ, 2014-15ರಲ್ಲಿ, ಡೆಂಪೊಗೂ ಅದೇ ಗತಿ ಬಂತು. 2023-24ರಲ್ಲಿ ಐ-ಲೀಗ್ 2 ಗೆದ್ದು ಎಸ್‌ಸಿ ಬೆಂಗಳೂರು ಮೇಲೆ ಬಂದಾಗ ಎರಡನೇ ಸ್ಥಾನದಿಂದ ಅದರ ಜೊತೆಗೆ ಬಂದದ್ದು ಇದೇ ಡೆಂಪೊ. ಐದು ಸಲ ದೇಶದ ಚಾಂಪಿಯನ್ ಆಗಿದ್ದ ಕ್ಲಬ್ಬೂ ಕೆಳಗೆ ಹೋಗಿ ಆಡಿ ಬಂದಿದೆ ಎಂದಾಗ ಹುಡುಗರ ಮುಖ ಸ್ವಲ್ಪ ಸಡಿಲವಾಯಿತು.

ಮುಂದಿನ ಚಳಿಗಾಲ ನಾವೇ ಒಂದು ಲೀಗ್ ಮಾಡಿದೆವು. ಕಲಬುರಗಿ ನಗರದ ಕೆಲವು ತಂಡ, ಕಮಲಾಪುರದ ನಮ್ಮದು, ಸುತ್ತಲ ಹಳ್ಳಿಗಳದ್ದು. ಮೇಲಿನ ಗುಂಪಿನಲ್ಲಿ ಆರು, ಕೆಳಗಿನದರಲ್ಲಿ ನಾಲ್ಕು. ಎಲ್ಲರೂ ಎಲ್ಲರೊಡನೆ ಎರಡೆರಡು ಸಲ, ಒಮ್ಮೆ ತಮ್ಮ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಮೇಲಿನ ಕೊನೆಯವರು ಕೆಳಕ್ಕೆ, ಕೆಳಗಿನ ಮೊದಲಿಗರು ಮೇಲಕ್ಕೆ. ಬೇರೆ ಕಾಲ ನಮಗಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಬಯಲಿಗೆ ಇಳಿಯುವಂತಿಲ್ಲ, ಎರೆ ನೆಲ ಬಿರುಕು ಬಿಟ್ಟು ಚೆಂಡು ಎತ್ತ ಪುಟಿಯುತ್ತದೋ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಅದೇ ಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಗೊಡುವುದಿಲ್ಲ. ಉಳಿದದ್ದು ಚಳಿಗಾಲ. ಅದು ತೊಗರಿ ಕೊಯ್ದು ರಾಶಿ ಮಾಡುವ ಕಾಲವೂ ಹೌದು.

ನಮ್ಮ ಸೀಸನ್ ಹಾಳಾದದ್ದು ಜನವರಿಯ ಆ ಎರಡು ವಾರಗಳಲ್ಲಿ. ಎಂಎಸ್‌ಕೆ ಮಿಲ್ ಕಡೆಯ ತಂಡದ ಎದುರು ಆಡಲು ಒಂಬತ್ತೇ ಮಂದಿ ಬಸ್ ಹತ್ತಿದರು, ಉಳಿದವರು ಹೊಲದಲ್ಲಿ. ಮೂರನೇ ಗೋಲು ಬಿದ್ದ ಮೇಲೆ ನಮ್ಮವರು ಓಡುವುದನ್ನೇ ನಿಲ್ಲಿಸಿದರು. ಹೆಂಗೂ ಸೋತೀವಿ, ಮೂರಾದರೇನು ಐದಾದರೇನು ಎಂಬ ನಾಕೌಟಿನ ಲೆಕ್ಕ. ಐದಾಯಿತು. ಫೆಬ್ರವರಿ ಕೊನೆಗೆ ಪಟ್ಟಿ ಹಾಕಿದಾಗ ನಮಗೂ ಹಳ್ಳಿಯ ಇನ್ನೊಂದು ತಂಡಕ್ಕೂ ತಲಾ ಎಂಟು ಪಾಯಿಂಟ್. ಗೋಲುಗಳ ಅಂತರದಲ್ಲಿ ನಾವು ಒಂದೇ ಒಂದು ಗೋಲು ಹಿಂದೆ, ಮೇಲಿನ ಗುಂಪಿನಲ್ಲಿ ಕೊನೆ. ಕಾಗದದ ಮೇಲೆ ಬೆರಳಿಟ್ಟು ಕೂಡಿ ಕಳೆದ ನಮ್ಮ ಸ್ಟಾಪರ್ ಆ ಐದನೇ ಗೋಲನ್ನು ತಾನೇ ಹುಡುಕಿ ತೆಗೆದ. ಅದರ ಬಗ್ಗೆ ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಸೋಲುವಾಗಲೂ ಓಡಬೇಕು ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೆ, ಆ ಚೀಟಿ ಅರ್ಧ ನಿಮಿಷದಲ್ಲಿ ಹೇಳಿತು.

ಲೀಗ್ ನಡೆಸುವ ತಲೆನೋವಿನದು ಬೇರೆಯೇ ಕತೆ. ರೆಫರಿಗೆ ಬಸ್ ಚಾರ್ಜು, ಸುಣ್ಣದ ಗೆರೆ, ಬಯಲಿನ ಕಲ್ಲು ಆರಿಸುವುದು, ಇವೆಲ್ಲ ಹೇಗೋ ಸಾಗುತ್ತವೆ. ಕಷ್ಟವಾದದ್ದು ಸೀಸನ್ನಿನ ನಡುವೆ ಬಂದ ಒಂದು ಕೊಡುಗೆ. ಉಳ್ಳವರೊಬ್ಬರು ಹೊಸ ತಂಡ ಕಟ್ಟಿದ್ದರು. ಮುಂದಿನ ವರ್ಷ ನೇರವಾಗಿ ಮೇಲಿನ ಗುಂಪಿಗೆ ಸೇರಿಸಬೇಕು, ಎರಡು ವರ್ಷ ಕೆಳಕ್ಕೆ ಇಳಿಸಬಾರದು. ಬದಲಿಗೆ ಎಲ್ಲ ತಂಡಗಳಿಗೂ ಜರ್ಸಿ, ಎಲ್ಲ ಗೋಲ್ ಪೋಸ್ಟುಗಳಿಗೂ ಬಲೆ. ನಮ್ಮ ಪೋಸ್ಟುಗಳು ಬಿದಿರಿನವು, ಬಲೆ ಇಲ್ಲ. ಚೆಂಡು ಒಳಗೆ ಹೋಯಿತೋ ಹೊರಗಿನಿಂದ ಹೋಯಿತೋ ಎಂದು ಪ್ರತಿ ಮ್ಯಾಚಿನಲ್ಲೂ ಜಗಳ. ಆಸೆ ನನಗೂ ಆಯಿತು.

ಆದರೆ ಡೆಂಪೊ ಕತೆಯ ಉಳಿದರ್ಧ ನೆನಪಿತ್ತು. ಅವರು ಇಳಿದ 2014-15ರಲ್ಲಿ ಕಟ್ಟಕಡೆಯ ಸ್ಥಾನ ಅವರದಾಗಿರಲಿಲ್ಲ. ಅವರಿಗಿಂತ ಕೆಳಗೆ ಪುಣೆಯ ಭಾರತ್ ಎಫ್‌ಸಿ ಇತ್ತು. ಹಣ ಹೂಡಿ ನೇರ ಪ್ರವೇಶ ಪಡೆದ ಕಂಪನಿ ತಂಡವೆಂದು ಅದಕ್ಕೆ ವಿನಾಯಿತಿ. ಉಳಿದುಕೊಂಡ ಆ ತಂಡ ಮುಂದಿನ ಸೀಸನ್ ಆಡದೆ ಬಾಗಿಲು ಹಾಕಿತು. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್‌ನಲ್ಲೂ ಮೊದಲ ಹತ್ತು ವರ್ಷ ಯಾರೂ ಕೆಳಗಿಳಿಯಲಿಲ್ಲ. ಹಾಗೆಂದು ನೇರ ಪ್ರವೇಶ ಪಡೆದವರೆಲ್ಲ ದಂಡ ಎನ್ನಲಾರೆ. 2013ರಲ್ಲಿ ಹಾಗೆಯೇ ಬಂದ ಬೆಂಗಳೂರು ಎಫ್‌ಸಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು. ಅದರ ಒಡೆಯರಾದ ಜೆಎಸ್‌ಡಬ್ಲ್ಯು ನಮ್ಮದೇ ಕಲ್ಯಾಣ ಕರ್ನಾಟಕದ ತೋರಣಗಲ್ಲಿನಲ್ಲಿ ಉಕ್ಕು ತೆಗೆಯುವವರು. ನನ್ನ ತಕರಾರು ಹಣದ ಮೇಲಲ್ಲ, ವಿನಾಯಿತಿಯ ಮೇಲೆ. ಹಣವಂತರೂ ಕೆಳಗಿನಿಂದಲೇ ಬರಲಿ ಎಂದೆ. ಸಭೆಯಲ್ಲಿ ಅರ್ಧ ಮಂದಿ ನನ್ನ ಕಡೆ, ಅರ್ಧ ಬಲೆಯ ಕಡೆ. ಕೊನೆಗೆ ವಿನಾಯಿತಿ ಇಲ್ಲವೆಂದಾಯಿತು, ಬಲೆಯೂ ಬರಲಿಲ್ಲ. ಜಗಳ ಈಗಲೂ ಇದೆ.

ಇಳಿದ ಮೇಲೆ ತಂಡ ಒಡೆಯುತ್ತದೆ ಎಂಬುದನ್ನೂ ಹತ್ತಿರದಿಂದ ನೋಡಿದೆ. ಗೆದ್ದ ತಂಡಕ್ಕೆ ಬಹುಮಾನವಾಗಿ ಕೊಟ್ಟದ್ದು ಕಮಲಾಪುರದ ಕೆಂಪು ಬಾಳೆಯ ಗೊನೆ. ನಮ್ಮೂರಿನ ಹಣ್ಣೇ ಆದರೂ ಅದರ ಬೆಲೆಗೆ ನಮ್ಮ ಹುಡುಗರು ದಿನಾ ತಿನ್ನುವಂಥದ್ದಲ್ಲ. ನಗರದ ಹುಡುಗರು ಅಲ್ಲೇ ಸುಲಿದು ತಿಂದರು. ತಿನ್ನುತ್ತಲೇ ಅವರ ಕೋಚ್ ನಮ್ಮ ಇಬ್ಬರು ಒಳ್ಳೆಯ ಆಟಗಾರರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ನಾನು ತಡೆಯಲಿಲ್ಲ. ಒಬ್ಬ ಕಲಬುರಗಿಯಲ್ಲೇ ಕಾಲೇಜು ಸೇರುವವನಿದ್ದ, ಹೋದ. ಅವನ ಆಟಕ್ಕೆ ಅದೇ ಸರಿ.

ಇನ್ನೊಬ್ಬ, ಆ ಸಣ್ಣ ಮೈಯವನು, ಲೀಗ್ ಇಲ್ಲದಿದ್ದರೆ ಇನ್ನೂ ಬಾಟಲಿ ಹೊರುತ್ತಿದ್ದವನು, ವಾರ ಬಿಟ್ಟು ಬಂದು ಹೇಳಿದ: "ಅಲ್ಲಿ ಹೋದ್ರ ಬೆಂಚಿನ ಮ್ಯಾಲ ಕುಂದ್ರಸ್ತಾರ್ರಿ ಸರ. ಇಲ್ಲೇ ಇರ್ತೀನಿ. ಕೆಳಗಿನ ಗುಂಪಿನ್ಯಾಗ ಮ್ಯಾಚ್ ಯಾವಾಗ ಶುರು?"

ನವೆಂಬರ್ ಎಂದೆ. ಜನವರಿಯ ಎರಡು ವಾರ ಆಟ ಇರುವುದಿಲ್ಲ, ರಾಶಿಗೆ ರಜೆ. ಅದನ್ನು ಈ ಸಲ ನಿಯಮದಲ್ಲೇ ಬರೆದಿದ್ದೇವೆ.