ಅಕ್ಟೋಬರ್ 18: ಗಾಳಿ ಎಷ್ಟು, ಕಾಲು ಎಷ್ಟು?

ಮಕ್ಕಳೇ, ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 8 ಮೀಟರ್ 90 ಸೆಂಟಿಮೀಟರ್ ಅಳೆದು ಎರಡು ಗೆರೆ ಎಳೆಯಿರಿ. 1968ರ ಅಕ್ಟೋಬರ್ 18ರಂದು ಮೆಕ್ಸಿಕೋ ನಗರದ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ ಇಷ್ಟು ದೂರವನ್ನು ಒಂದೇ ಜಿಗಿತದಲ್ಲಿ ದಾಟಿದರು. ಅಲ್ಲಿಟ್ಟಿದ್ದ ಅಳತೆಯ ಉಪಕರಣ ಅಷ್ಟು ದೂರಕ್ಕೆ ಸರಿಯುವಂತಿರಲಿಲ್ಲ! ಕೊನೆಗೆ ಟೇಪಿನಿಂದಲೇ ಅಳೆದರು. ಬೀಮನ್‌ಗೆ ಮೀಟರಿನ ಲೆಕ್ಕ ರೂಢಿಯಿರಲಿಲ್ಲ. 29 ಅಡಿ ದಾಟಿದೆ ಎಂದು ತಿಳಿದಾಗ ಕಾಲಿನ ಶಕ್ತಿ ಉಡುಗಿ ಕುಸಿದುಬಿಟ್ಟರು.

ಹಿಂದಿನ ವಿಶ್ವದಾಖಲೆ 8.35 ಮೀಟರ್. 1935ರಲ್ಲಿ ಜೆಸ್ಸಿ ಓವೆನ್ಸ್ 8.13 ಮೀಟರ್ ಜಿಗಿದಿದ್ದರು. ಅಂದರೆ 33 ವರ್ಷಗಳಲ್ಲಿ ಏರಿದ್ದು 22 ಸೆಂಟಿಮೀಟರ್. ಬೀಮನ್ ಒಂದೇ ಸಲಕ್ಕೆ ಏರಿಸಿದ್ದು 55 ಸೆಂಟಿಮೀಟರ್.

"ಅದು ಅವರ ಸಾಧನೆಯಲ್ಲ, ತೆಳುಗಾಳಿಯ ಕೊಡುಗೆ" ಎಂದವರೂ ಇದ್ದಾರೆ. ಪರೀಕ್ಷಿಸೋಣವೇ?

ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ವೇಗವಾಗಿ ಓಡುವವರು ಗಾಳಿಯನ್ನು ತಳ್ಳಿಕೊಂಡು ಹೋಗಬೇಕಲ್ಲವೇ? ಗಾಳಿ ವಿರಳವಾದರೆ ತಡೆಯೂ ಕಡಿಮೆ. ಅದೇ ದಿನ 400 ಮೀಟರ್ ಓಟದಲ್ಲಿ ಲೀ ಇವಾನ್ಸ್ 43.86 ಸೆಕೆಂಡು, ಎರಡನೆಯವರಾದ ಲ್ಯಾರಿ ಜೇಮ್ಸ್ 43.97 ಸೆಕೆಂಡು ತೆಗೆದುಕೊಂಡರು. ಅದುವರೆಗೆ ಯಾರೂ 44 ಸೆಕೆಂಡಿನೊಳಗೆ ಓಡಿರಲಿಲ್ಲ. ದೂರದ ಓಟಗಾರರ ಪಾಡು ಬೇರೆ. ಪ್ರತಿ ಉಸಿರಿನಲ್ಲೂ ಆಮ್ಲಜನಕ ಕಡಿಮೆ ಸಿಗುತ್ತಿದ್ದುದರಿಂದ, 10,000 ಮೀಟರ್ ಗೆದ್ದವರ ಸಮಯವೂ ಆಗಿನ ವಿಶ್ವದಾಖಲೆಗಿಂತ ಒಂದೂವರೆ ನಿಮಿಷಕ್ಕೂ ಹೆಚ್ಚು ತಡವಾಗಿತ್ತು.

ಹಾಗಾದರೆ ಬೀಮನ್‌ಗೂ ಗಾಳಿ ನೆರವಾಯಿತು, ನಿಜ. ಬೆನ್ನ ಹಿಂದಿನಿಂದ ಬೀಸುತ್ತಿದ್ದ ಗಾಳಿಯ ವೇಗವೂ ಸೆಕೆಂಡಿಗೆ 2.0 ಮೀಟರ್, ಅಂದರೆ ನಿಯಮ ಒಪ್ಪುವ ಗರಿಷ್ಠ ಮಿತಿ. ಆದರೆ ಅದೇ ಎತ್ತರದಲ್ಲಿ, ಅದೇ ಮರಳಿನ ಗುಂಡಿಗೆ ಜಿಗಿದ ಇತರರನ್ನು ನೋಡಿ. ಬೆಳ್ಳಿ ಗೆದ್ದ ಕ್ಲಾಸ್ ಬೀರ್ ಜಿಗಿದದ್ದು 8.19 ಮೀಟರ್. ಕಂಚು ಪಡೆದ ರಾಲ್ಫ್ ಬೋಸ್ಟನ್ 8.16 ಮೀಟರ್, ಇವರು ಹಳೆಯ ವಿಶ್ವದಾಖಲೆಯನ್ನು ಹಂಚಿಕೊಂಡಿದ್ದವರು! ಎಲ್ಲರಿಗೂ ಸಿಕ್ಕ ತೆಳುಗಾಳಿ ಒಬ್ಬರನ್ನು ಮಾತ್ರ 70 ಸೆಂಟಿಮೀಟರ್ ಮುಂದೆ ಒಯ್ಯುವುದು ಹೇಗೆ?

ಇನ್ನೂ ಒಂದು ಸಾಕ್ಷಿ ಇದೆ. ಬೀಮನ್ ದಾಖಲೆಯನ್ನು 1991ರ ಆಗಸ್ಟ್ 30ರಂದು ಮೈಕ್ ಪೊವೆಲ್ ಮುರಿದರು. ಊರು ಟೋಕಿಯೋ, ಸಮುದ್ರದ ದಂಡೆ. ಹಿಂದಿನಿಂದ ಬೀಸಿದ ಗಾಳಿ ಸೆಕೆಂಡಿಗೆ ಬರೀ 0.3 ಮೀಟರ್. ಜಿಗಿದದ್ದು 8.95 ಮೀಟರ್. ನಿಮ್ಮ ಮೈದಾನದ ಗೆರೆಯಿಂದ 5 ಸೆಂಟಿಮೀಟರ್ ಆಚೆಗೆ ಇನ್ನೊಂದು ಗೆರೆ ಎಳೆಯಿರಿ.