ಹೊಗೆ, ಬೆಂಕಿ ಮತ್ತು ಒಂದು ಸ್ಕೂಲ್ ಬ್ಯಾಗು





ಇಂದಿನ ಅಧ್ಯಯನ ಗುರುತುಗಳ ಬಗ್ಗೆ. ಒಂದನ್ನು ಕಂಡು ಇನ್ನೊಂದು ಇದೆ ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ, ಆ ತೀರ್ಮಾನವನ್ನು ಹೇಗೆ ಪರೀಕ್ಷಿಸಬೇಕು ಎಂಬುದರ ಬಗ್ಗೆ. ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ನಾನು ಪಾಠ ಮಾಡುವ ಒಂಬತ್ತನೇ ತರಗತಿಯಲ್ಲಿ ಪ್ರವಾಸಕ್ಕೆಂದು ಕೂಡಿಸಿದ್ದ 600 ರೂಪಾಯಿ ಲೀಡರ್ ಹುಡುಗಿಯ ಬ್ಯಾಗಿನಲ್ಲಿ ಕಾಣಲಿಲ್ಲ. ಅದು ಆಟದ ಪೀರಿಯಡ್ ಮುಗಿದ ಹೊತ್ತು. ಮಕ್ಕಳು ಒಬ್ಬ ಹುಡುಗನ ಕಡೆ ನೋಡಿ, "ಅವ್ನು ಗ್ರೌಂಡಿಗೇ ಬರ್ಲಿಲ್ಲ ಸಾರ್, ಒಳಗೇ ಇದ್ದ" ಎಂದರು. ನಾನು ಅವನ ಬೆಂಚಿನ ಹತ್ತಿರ ಹೋಗಿ "ಬ್ಯಾಗ್ ತೆಗಿ" ಎಂದೆ. ಅವನು ಒಂದೊಂದೇ ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟ. ಕೊನೆಗೆ ತಾನಾಗಿಯೇ, "ಜಾಮಿಟ್ರಿ ಬಾಕ್ಸೂ ನೋಡ್ಬಿಡಿ ಸಾರ್" ಎಂದ.

ಹಣ ಮರುದಿನ ಸಿಕ್ಕಿತು. ಲೀಡರ್ ಹುಡುಗಿಯ ನೋಟ್ ಪುಸ್ತಕಕ್ಕೆ ಹಾಕಿದ್ದ ರಟ್ಟಿನ ಒಳಗೇ ಇತ್ತು. ಹುಡುಗ ಒಳಗೆ ಉಳಿದಿದ್ದು ಆಟಕ್ಕೆ ಬೇಕಾದ ಬಿಳಿ ಶೂ ಇಲ್ಲದ ಕಾರಣಕ್ಕೆ. ಅವನು ನಮ್ಮವನೇ. ನಾನು ಹುಟ್ಟಿ ಬೆಳೆದಂಥದ್ದೇ ಒಂದು ಕೇರಿಯಿಂದ ಬರುವವನು.

ಆ ಕ್ಷಣ ನನ್ನ ತಲೆಯೊಳಗೆ ಏನು ನಡೆಯಿತು? ಇದನ್ನು ಬಿಡಿಸಿ ನೋಡಲು ನೆರವಾದವರು ಅಮೆರಿಕದ ತತ್ತ್ವಶಾಸ್ತ್ರಜ್ಞ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ (1839-1914). ಎಂ.ಎ. ಓದುವಾಗ ಭಾಷಾವಿಜ್ಞಾನದಲ್ಲಿ ಸಸ್ಯೂರ್ ಹೆಸರು ಬಾಯಿಪಾಠವಾಗಿತ್ತು, ಪರ್ಸ್ ಗೊತ್ತಿರಲಿಲ್ಲ. ಆದರೆ ಅವರು ನಮಗೆ ದೂರದವರಲ್ಲ. ಬಾಬಾಸಾಹೇಬರು 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಅವರಿಗೆ ಗುರುಗಳಾಗಿದ್ದವರು ಜಾನ್ ಡ್ಯೂಯಿ. ಆ ಡ್ಯೂಯಿ 1880ರ ದಶಕದಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದವರು ಪರ್ಸ್. ಆಗ ಡ್ಯೂಯಿಗೆ ಆ ಪಾಠ ಹಿಡಿಸಿರಲಿಲ್ಲ. ಆದರೆ 1938ರಲ್ಲಿ ತಮ್ಮ ತರ್ಕಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದಾಗ ಅವರು ಪರ್ಸರ ಋಣವನ್ನು ನೆನೆದರು.

*ಮೂರು ಬಗೆಯ ಗುರುತು*

ಪರ್ಸ್ ಗುರುತುಗಳನ್ನು ಮೂರು ಬಗೆ ಮಾಡುತ್ತಾರೆ. ಒಂದು, ಹೋಲಿಕೆಯಿಂದ ತೋರಿಸುವುದು: ಭೂಪಟ, ಫೋಟೋ. ಎರಡು, ನಿಜವಾದ ನಂಟಿನಿಂದ ತೋರಿಸುವುದು: ಬೆಂಕಿಗೆ ಹೊಗೆ, ಕೆಸರಿನಲ್ಲಿ ಮೂಡಿದ ಹೆಜ್ಜೆ. ಮೂರು, ಜನರ ಒಪ್ಪಂದದಿಂದ ಮಾತ್ರ ನಿಲ್ಲುವುದು: ಪದ, ಬಾವುಟ, ಹೆಸರು. "ನೀರು" ಎಂಬ ಪದದಲ್ಲಿ ಒದ್ದೆ ಇಲ್ಲ. ನಾವು ಒಪ್ಪಿದ್ದೇವೆ, ಅಷ್ಟೇ.

ಈಗ ಯೋಚಿಸಿ. ಜಾತಿಯ ಹೆಸರು ಯಾವ ಬಗೆಯದು? ಮೂರನೆಯದು. ಮನುಷ್ಯರು ಕಟ್ಟಿದ್ದು, ಮನುಷ್ಯರು ಅಳಿಸಬಹುದಾದದ್ದು. ಆದರೆ ಸಮಾಜ ಅದನ್ನು ಎರಡನೆಯ ಬಗೆಯ ಗುರುತಿನಂತೆ ಓದುತ್ತದೆ. ಹೊಗೆ ಕಂಡರೆ ಬೆಂಕಿ ಎನ್ನುವಷ್ಟೇ ಖಚಿತವಾಗಿ, ಕೇರಿ ಕಂಡರೆ ಗುಣ ಗೊತ್ತಾಯಿತು ಎನ್ನುತ್ತದೆ. ಮೋಸ ಇರುವುದು ಇಲ್ಲಿಯೇ.

*ಸುತ್ತಿನೊಳಗೆ ಸುತ್ತು*

1896ರ ಸುಮಾರಿಗೆ ಪರ್ಸ್ ತರ್ಕವನ್ನು ಚಿತ್ರದಲ್ಲಿ ಬರೆಯುವ ಒಂದು ವಿಧಾನ ಕಂಡುಕೊಂಡರು. ನಿಯಮ ಸರಳ. ಖಾಲಿ ಹಾಳೆಯ ಮೇಲೆ ಬರೆದದ್ದೆಲ್ಲ "ಇದೆ" ಎಂದರ್ಥ. ಅದರ ಸುತ್ತ ಗೆರೆ ಎಳೆದರೆ "ಇಲ್ಲ" ಎಂದರ್ಥ.

ದೊಡ್ಡದೊಂದು ಸುತ್ತು ಹಾಕಿ, ಒಳಗೆ "ಹೊಗೆ" ಎಂದು ಬರೆಯಿರಿ. ಅದೇ ಸುತ್ತಿನೊಳಗೆ ಇನ್ನೊಂದು ಚಿಕ್ಕ ಸುತ್ತು ಹಾಕಿ, ಅದರೊಳಗೆ "ಬೆಂಕಿ" ಎಂದು ಬರೆಯಿರಿ. ಓದುವುದು ಹೀಗೆ: ಹೊಗೆ ಇದ್ದೂ ಬೆಂಕಿ ಇಲ್ಲದಿರುವುದು ಎಂಬುದು ಇಲ್ಲ. ಅಂದರೆ, ಹೊಗೆ ಇದ್ದರೆ ಬೆಂಕಿ ಇದೆ. ಇದನ್ನು ತಿರುಗಿಸಲು ಬರುವುದಿಲ್ಲ. ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕೆಂಪು ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ.

ಒಂದು ರಾತ್ರಿ ನನ್ನ ತೀರ್ಮಾನವನ್ನು ಹೀಗೆಯೇ ಬರೆದೆ. ಹೊರಸುತ್ತಿನಲ್ಲಿ "ಒಳಗೆ ಉಳಿದವರು", ಒಳಸುತ್ತಿನಲ್ಲಿ "ಕದ್ದವರು". ಬರೆದ ಕೂಡಲೇ ನೆನಪಾಯಿತು: ಆ ದಿನ ಜ್ವರವೆಂದು ಇನ್ನೊಬ್ಬ ಹುಡುಗಿಯೂ ಒಳಗೇ ಮಲಗಿದ್ದಳು. ಮಕ್ಕಳು ಅವಳ ಹೆಸರು ಹೇಳಲಿಲ್ಲ. ನಾನೂ ಅವಳ ಬ್ಯಾಗು ಮುಟ್ಟಲಿಲ್ಲ. ಅಂದಮೇಲೆ ನನ್ನ ತಲೆಯಲ್ಲಿದ್ದ ಹೊರಸುತ್ತಿನ ಮಾತು "ಒಳಗೆ ಉಳಿದವರು" ಅಲ್ಲ. ಅದು "ಕೇರಿಯ ಹುಡುಗ". ಮನೆಯ ಗೋಡೆಯ ಮೇಲೆ ಬಾಬಾಸಾಹೇಬರ ಪಟವಿಟ್ಟುಕೊಂಡ ನನ್ನ ತಲೆಯಲ್ಲೇ ಆ ಮಾತು ಕೂತಿತ್ತು. ಬಾಯಿಮಾತಿನಲ್ಲಿ ಅಡಗಿದ್ದದ್ದು ಹಾಳೆಯ ಮೇಲೆ ಅಡಗಲಿಲ್ಲ.

*ದಿಗ್ನಾಗರ ಪರೀಕ್ಷೆ*

ಈ ಎಚ್ಚರ ನಮ್ಮ ಪರಂಪರೆಗೆ ಹೊಸದಲ್ಲ. ಐದು-ಆರನೇ ಶತಮಾನದ ಬೌದ್ಧ ತಾರ್ಕಿಕ ದಿಗ್ನಾಗರು ಗುರುತಿಗೆ ಮೂರು ಷರತ್ತು ಹಾಕಿದರು. ಗುರುತು ನಾವು ಮಾತಾಡುತ್ತಿರುವ ಜಾಗದಲ್ಲಿ ಇರಬೇಕು. ಅಂಥದ್ದೇ ಬೇರೆ ಜಾಗಗಳಲ್ಲೂ ಕಂಡಿರಬೇಕು. ಸಾಧಿಸಬೇಕಾದ ವಸ್ತು ಇಲ್ಲದ ಕಡೆ ಎಲ್ಲಿಯೂ ಇರಬಾರದು. ಅಡುಗೆಮನೆಯಲ್ಲಿ ಹೊಗೆ ಉಂಟು, ಕೆರೆಯಲ್ಲಿ ಇಲ್ಲ. ಅವರು ಎಲ್ಲ ಸಾಧ್ಯತೆಗಳನ್ನೂ ಒಂಬತ್ತು ಮನೆಗಳ ಚೌಕದಲ್ಲಿಟ್ಟು ತೋರಿಸಿದರು. ಅದೇ ಹೇತುಚಕ್ರ. ಒಂಬತ್ತರಲ್ಲಿ ಸರಿಯಾದ ಹೇತು ಎರಡೇ. ಇನ್ನೆರಡು ಉಲ್ಟಾ ಮಾತನ್ನೇ ಸಾಧಿಸುತ್ತವೆ. ಉಳಿದ ಐದರಿಂದ ಏನೂ ತೀರ್ಮಾನವಾಗದು.

ನನ್ನ ಹೇತು ಮೂರನೇ ಷರತ್ತಿನಲ್ಲೇ ಬಿದ್ದುಹೋಯಿತು. ಕದಿಯದವಳೂ ಒಳಗೇ ಇದ್ದಳಲ್ಲ!

*ಪದವಿ ಬರಲು 44 ವರ್ಷ*

ಪರ್ಸರ ತರಗತಿಯಲ್ಲೇ ಕ್ರಿಸ್ಟೀನ್ ಲ್ಯಾಡ್ ಎಂಬ ವಿದ್ಯಾರ್ಥಿನಿ ಇದ್ದರು. ತರ್ಕಶಾಸ್ತ್ರದಲ್ಲಿ ಡಾಕ್ಟರೇಟಿಗೆ ಬೇಕಾದ ಕೆಲಸವನ್ನೆಲ್ಲ 1882ರಲ್ಲಿ ಮುಗಿಸಿದರು. ಹೆಂಗಸು ಎಂಬ ಕಾರಣಕ್ಕೆ ಪದವಿ ಕೊಡಲಿಲ್ಲ. ಕೊಟ್ಟದ್ದು 1926ರಲ್ಲಿ, ಅವರು ಮುದುಕಿಯಾದ ಮೇಲೆ. ಅಲ್ಲಿಯೂ ಅದೇ ಚಿತ್ರ: ಹೊರಸುತ್ತಿನಲ್ಲಿ "ಹೆಣ್ಣು", ಒಳಸುತ್ತಿನಲ್ಲಿ "ಪದವಿಗೆ ಸಲ್ಲದವಳು". ಆ ಮಾತನ್ನು ಸುಳ್ಳು ಮಾಡುವ ಪ್ರಬಂಧ ಅವರ ಕೈಯಲ್ಲೇ ಇತ್ತು. ತರ್ಕ ಕಲಿಸುವ ಕಟ್ಟಡದಲ್ಲಿ ಇದ್ದಮಾತ್ರಕ್ಕೆ ಯಾರೂ ತರ್ಕಬದ್ಧರಾಗುವುದಿಲ್ಲ.

*ಯಂತ್ರಕ್ಕೆ ಬಿಟ್ಟರೆ?*

"ಕಂಪ್ಯೂಟರಿಗೆ ಜಾತಿ ಇಲ್ಲವಲ್ಲ, ತೀರ್ಮಾನ ಅದಕ್ಕೇ ಬಿಡೋಣ" ಎಂದು ನಮ್ಮ ಯುವಕರು ಕೇಳುತ್ತಾರೆ. ಪರ್ಸ್ 1886ರಲ್ಲೇ ತಮ್ಮ ಹಳೆಯ ಶಿಷ್ಯ ಅಲನ್ ಮಾರ್ಕ್ವಾಂಡ್‌ಗೆ ಬರೆದ ಪತ್ರದಲ್ಲಿ, ವಿದ್ಯುತ್ ಸ್ವಿಚ್‌ಗಳಿಂದ ತರ್ಕ ನಡೆಸಬಹುದು ಎಂದು ಚಿತ್ರ ಬಿಡಿಸಿ ತೋರಿಸಿದ್ದರು. ಸ್ವಿಚ್‌ಗಳು ಒಂದರ ಹಿಂದೊಂದು ಇದ್ದರೆ ಎಲ್ಲವನ್ನೂ ಒತ್ತಿದಾಗಲೇ ಕರೆಂಟು ಹರಿಯುತ್ತದೆ: ಇದು "ಮತ್ತು". ಅಕ್ಕಪಕ್ಕ ಇದ್ದರೆ ಒಂದನ್ನು ಒತ್ತಿದರೂ ಸಾಕು: ಇದು "ಅಥವಾ". ಜಾನ್ ಸೋವಾ 1984ರ ತಮ್ಮ ಪುಸ್ತಕದಲ್ಲಿ ಪರ್ಸರ ಸುತ್ತುಗಳನ್ನೇ ಆಧಾರ ಮಾಡಿಕೊಂಡು, ತಿಳಿವಳಿಕೆಯನ್ನು ಚಿತ್ರರೂಪದಲ್ಲಿ ಕಂಪ್ಯೂಟರಿಗೆ ಕೊಡುವ ಬಗೆಯನ್ನು ವಿವರಿಸಿದರು.

ಆದರೆ ಪರ್ಸರ ಪ್ರಕಾರ ಶೋಧನೆಗೆ ಮೂರು ಹೆಜ್ಜೆ. ಮೊದಲು ಊಹೆ. ಆಮೇಲೆ, ಊಹೆ ನಿಜವಾದರೆ ಇನ್ನೇನೇನು ಕಾಣಬೇಕು ಎಂಬ ಲೆಕ್ಕ. ಕೊನೆಗೆ, ಅದು ಕಾಣುತ್ತದೆಯೇ ಎಂದು ಹೋಗಿ ನೋಡುವುದು. ನಡುವಿನ ಲೆಕ್ಕವನ್ನು ಯಂತ್ರ ತಪ್ಪಿಲ್ಲದೆ ಮಾಡುತ್ತದೆ. "ಕೇರಿಯ ಹುಡುಗನಾದರೆ ಕಳ್ಳ" ಎಂಬ ಸುತ್ತನ್ನು ಕೊಟ್ಟರೆ ಅದನ್ನೂ ತಪ್ಪಿಲ್ಲದೆ ಮಾಡುತ್ತದೆ. ಆ ಸುತ್ತು ಹಾಕಿದವರು ಯಾರು ಎಂದು ಕೇಳುವ ಕೆಲಸ ನಮ್ಮದೇ. ಕೇಸಪುತ್ತದಲ್ಲಿ ಬುದ್ಧರು ಕಾಲಾಮರಿಗೆ ಒಪ್ಪಿಸಿದ್ದೂ ಇದೇ ಕೆಲಸವನ್ನು: ಎಲ್ಲರೂ ಹೇಳುತ್ತಾರೆಂದು, ಹಿಂದಿನಿಂದ ಬಂದಿದೆಯೆಂದು ಒಪ್ಪದೆ ನೀವೇ ನೋಡಿ ತಿಳಿಯುವುದು.

ಹಣ ಸಿಕ್ಕ ದಿನ ನಾನು ಆ ಹುಡುಗನನ್ನು ಸ್ಟಾಫ್ ರೂಮಿಗೆ ಕರೆದು "ತಪ್ಪಾಯ್ತು ಕಣಪ್ಪಾ" ಎಂದಿದ್ದೆ. ಬ್ಯಾಗು ತೆಗೆಸಿದ್ದು ನಲವತ್ತು ಮಕ್ಕಳೆದುರು, ತಪ್ಪೊಪ್ಪಿದ್ದು ಗುಟ್ಟಾಗಿ. ಚಿತ್ರ ಬರೆದ ಮೇಲೆ ಅದೂ ಕಾಣಿಸಿತು. ಮರುದಿನ ತರಗತಿಯಲ್ಲಿ ಬೋರ್ಡಿನ ಮೇಲೆ ಎರಡು ಸುತ್ತು ಬರೆದು, ಜ್ವರದ ಹುಡುಗಿಯ ವಿಷಯ ಹೇಳಿ, "ಈ ತಪ್ಪು ಲೆಕ್ಕ ನನ್ನದು" ಎಂದೆ. ಅವನು ತಲೆ ಎತ್ತಲಿಲ್ಲ. ಎತ್ತಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

*ಇಂದಿನ ಅಭ್ಯಾಸ:* ಇವತ್ತು ಯಾರನ್ನಾದರೂ ನೋಡಿ "ಇವರು ಹೀಗೇ" ಎಂದು ಅನ್ನಿಸಿದರೆ, ಒಂದು ಚೀಟಿಯ ಮೇಲೆ ಎರಡು ಸುತ್ತು ಹಾಕಿ. ಹೊರಸುತ್ತಿನಲ್ಲಿ ನೀವು ಕಂಡ ಗುರುತು, ಒಳಸುತ್ತಿನಲ್ಲಿ ನಿಮ್ಮ ತೀರ್ಮಾನ ಬರೆಯಿರಿ. ಆ ಗುರುತು ಇದ್ದೂ ಹಾಗಿಲ್ಲದ ಒಬ್ಬರನ್ನು ನೆನಪಿಸಿಕೊಳ್ಳಿ. ಒಬ್ಬರು ಸಿಕ್ಕರೂ ಆ ಚೀಟಿಯನ್ನು ಹರಿದುಹಾಕಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.